ಮಾವಿನ ಮಂಡಿಯ ಏರಿನಲ್ಲಿ ಕ್ಲಚ್ ಸುಡದ ದಿನ

ನಮ್ಮ ಮನೆಯಲ್ಲಿ ಲಾರಿ ಬಂತು ಅನ್ನುವುದು ಹಾರ್ನಿನಿಂದ ಗೊತ್ತಾಗುತ್ತಿರಲಿಲ್ಲ, ವಾಸನೆಯಿಂದ ಗೊತ್ತಾಗುತ್ತಿತ್ತು. ಕೂದಲು, ರಬ್ಬರು, ಹಳೇ ಗೋಣಿಚೀಲ ಮೂರನ್ನೂ ಒಟ್ಟಿಗೆ ಒಲೆಗೆ ಹಾಕಿದರೆ ಬರುವಂಥ ವಾಸನೆ. ಅದು ಬೀದಿ ತಿರುವಿನಲ್ಲಿ ಮೂಗಿಗೆ ಬಡಿದ ಕೂಡಲೇ ನಾನು ಮುದ್ದೆಗೆ ಎಸರಿಡುತ್ತಿದ್ದೆ. ಮುದ್ದೆ ಕಟ್ಟಿ ತಟ್ಟೆಗೆ ಹಾಕುವ ಹೊತ್ತಿಗೆ ಮಗ ಕೈಕಾಲು ತೊಳೆದು ಬಂದು ಕೂರುತ್ತಿದ್ದ. ಇಷ್ಟು ನಂಬಿಕೆಯ ಗಡಿಯಾರ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅದು ಕ್ಲಚ್ ಸುಡುವ ವಾಸನೆ, ಅದು ಬರಲೇಬಾರದು ಎಂದು ಮೊಮ್ಮಗಳು ಹೇಳಿದಾಗ ನನಗೆ ಸ್ವಲ್ಪ ಬೇಸರವೇ ಆಯಿತು.

ನಮ್ಮದು ಶ್ರೀನಿವಾಸಪುರದ ಪಕ್ಕದ ಹಳ್ಳಿ. ಮಾವಿನ ತೋಪಿದೆ, ಒಂದು ಚಿಕ್ಕ ಲಾರಿ ಇದೆ. ಸುಗ್ಗಿಯಲ್ಲಿ ನಮ್ಮ ಕಾಯಿ, ಅಕ್ಕಪಕ್ಕದವರ ಕಾಯಿ ಎಲ್ಲ ಅದರಲ್ಲೇ ಮಂಡಿಗೆ ಹೋಗುತ್ತದೆ. ಉಳಿದ ದಿನ ಮಾಲೂರಿನ ಇಟ್ಟಿಗೆಯೋ, ಕೋಲಾರದ ಟೊಮೇಟೊವೋ, ಯಾರದೋ ಮದುವೆಯ ಪಾತ್ರೆಯೋ. ಓಡಿಸುತ್ತಿದ್ದವನು ನನ್ನ ಮಗ. ಚೆನ್ನಾಗಿಯೇ ಓಡಿಸುತ್ತಾನೆ, ಯಾರಿಗೂ ಗುದ್ದಿದವನಲ್ಲ. ಅವನಿಗೆ ಇರುವುದು ಒಂದೇ ಕಾಯಿಲೆ. ಎಡಗಾಲಿನ ಕೆಳಗೆ ಯಾವಾಗಲೂ ಏನಾದರೂ ಬೇಕು. ಮಗುವಾಗಿದ್ದಾಗ ಊಟಕ್ಕೆ ಕೂತರೆ ಎಡಗಾಲನ್ನು ಬೆಕ್ಕಿನ ಮೇಲಿಡುತ್ತಿದ್ದ. ಬೆಕ್ಕು ಸಹಿಸಿಕೊಂಡಿತ್ತು. ಮದುವೆಯ ಹಸೆಯಲ್ಲಿ ಪುರೋಹಿತರ ಚೀಲದ ಮೇಲಿಟ್ಟಿದ್ದ. ಅವರೂ ಸಹಿಸಿಕೊಂಡರು. ಲಾರಿಗೆ ಬಂದಮೇಲೆ ಕ್ಲಚ್ ಪೆಡಲ್ ಸಿಕ್ಕಿತು. ಅದು ಸಹಿಸಿಕೊಳ್ಳಲಿಲ್ಲ.

ಈ ಸಲ ಸುಗ್ಗಿಗೆ ಮುಂಚೆ ನಾನೂ ಮಗನೂ ಮುಳಬಾಗಿಲಿನ ನೆಂಟರ ಮನೆಯ ಮಗು ನೋಡಲು ಹೋಗಿದ್ದೆವು. ಬಸ್ಸಿಗೆ ಯಾಕೆ ದುಡ್ಡು ಎಂದು ಲಾರಿಯಲ್ಲೇ ಕರೆದುಕೊಂಡು ಹೋಗಿದ್ದ. ವಾಪಸು ಬರುವಾಗ ಒಂದು ಏರಿನಲ್ಲಿ ಎಂಜಿನ್ ಜೋರಾಗಿ ಕೂಗತೊಡಗಿತು, ಲಾರಿ ಮಾತ್ರ ಹೋಗಲೊಲ್ಲದು. ಮಗ ಇನ್ನಷ್ಟು ರೇಸ್ ಕೊಟ್ಟ. ಇನ್ನಷ್ಟು ಕೂಗಿತು. ನನ್ನ ಗಡಿಯಾರದ ವಾಸನೆ ಕ್ಯಾಬಿನ್ನಿನ ತುಂಬ ಬಂತು. ನಾನು ಇಳಿದು ನಡೆದೆ. ಏರಿನ ತುದಿಗೆ ಲಾರಿಗಿಂತ ಮೊದಲು ನಾನೇ ತಲುಪಿದೆ.

ಅಂತೂ ಇನ್ನೊಂದು ಲಾರಿಗೆ ಹಗ್ಗ ಕಟ್ಟಿಸಿ ಮುಳಬಾಗಿಲಿಗೇ ಎಳೆಸಿಕೊಂಡು ಬಂದು ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ನಿಲ್ಲಿಸಿದೆವು. ಆ ಮೆಕ್ಯಾನಿಕ್ ಬಾಯಿಬಡುಕ. ತನ್ನನ್ನು ತಾನೇ ಡಾಕ್ಟರು ಎಂದು ಕರೆದುಕೊಳ್ಳುತ್ತಾನೆ. ನಮ್ಮ ಲಾರಿ ನೋಡಿದ ಕೂಡಲೇ ನನಗೆ ಸ್ಟೂಲು ಹಾಕಿ ಟೀ ತರಿಸಿದ. ಒಳ್ಳೇ ಗಿರಾಕಿಗಳಿಗೆ ಮಾತ್ರ ಹಾಗೆ ಮಾಡುತ್ತಾರೆ.

ಸಾಯಂಕಾಲಕ್ಕೆ ಲಾರಿಯ ಹೊಟ್ಟೆ ಬಿಚ್ಚಿ ಎರಡು ತಟ್ಟೆ ತಂದು ನನ್ನ ಮುಂದೆ ಹಿಡಿದ.

"ನೋಡಮ್ಮಾ, ಇದು ಹೊಸಾ ಕ್ಲಚ್ ಪ್ಲೇಟು. ಇದು ನಿಮ್ಮ ಮಗಂದು."

ಹೊಸದರ ಎರಡೂ ಕಡೆ ಅಕ್ಕಿರೊಟ್ಟಿ ತಟ್ಟಿದ ಹಾಗೆ ದಪ್ಪಗೆ ಏನೋ ಅಂಟಿಸಿತ್ತು. ಹಳೆಯದರಲ್ಲಿ ರೊಟ್ಟಿ ಪೂರ್ತಿ ಹೋಗಿ ತವೆಯೇ ಕಾಣುತ್ತಿತ್ತು.

"ಎಂಜಿನ್ನು ಸುತ್ತುತಾ ಇರ್ತೈತೆ, ಚಕ್ರ ನಿಂತಿರ್ತೈತೆ. ಮಧ್ಯದಲ್ಲಿ ಇದು ಇರೋದು, ಎರಡನ್ನೂ ಸೇರ್ಸೋಕೆ. ಪೂರ್ತಿ ತುಳಿದ್ರಾ, ಬಿಟ್ಬಿಡ್ತೈತೆ. ಪೂರ್ತಿ ಕಾಲು ತೆಗೆದ್ರಾ, ಗಟ್ಟಿಯಾಗಿ ಹಿಡ್ಕೊಂತೈತೆ. ಅರ್ಧ ತುಳಿದ್ರೆ ಹಿಡೀಬೇಕಾ ಬಿಡಬೇಕಾ ಗೊತ್ತಾಗ್ದೆ ಉಜ್ಜಿ ಉಜ್ಜಿ ಸಾಯ್ತೈತೆ."

"ನಾನೆಲ್ಲಿ ತುಳೀತೀನಿ? ಸುಮ್ನೆ ಕಾಲು ಇಟ್ಟಿರ್ತೀನಿ, ಅಷ್ಟೇ," ಅಂದ ನನ್ನ ಮಗ.

"ಅದೇ ಸ್ವಾಮಿ. ಸುಮ್ನೆ ಇಟ್ರೆ ಸಾಕು. ಏರಲ್ಲಿ ಬ್ರೇಕ್ ಹಿಡಿಯೋ ಬದಲು ಹಾಫ್ ಕ್ಲಚ್ಚಲ್ಲಿ ನಿಲ್ಲಿಸ್ತೀರಲ್ಲ, ಅದೂ ಸಾಕು. ಲೋಡ್ ಗಾಡೀನ ಫಸ್ಟ್ ಬಿಟ್ಟು ಸೆಕೆಂಡಲ್ಲಿ ಎತ್ತುತೀರಲ್ಲ, ಅದಂತೂ ಬೋಲೆಡು, ಬೇಕಾದಷ್ಟಾಯ್ತು." ತೆಲುಗು ಬೆರೆಸಿ ನಕ್ಕ. "ನಿಮ್ಮಂಥೋರು ನೂರ್ಕಾಲ ಬದುಕ್ಬೇಕು ಸ್ವಾಮಿ. ಈ ಶೆಡ್ಡಿಗೆ ಮೇಲೆ ಶೀಟು ಹಾಕ್ಸಿದ್ದೇ ನೀವು."

ನಾನು ಮೇಲೆ ನೋಡಿದೆ. ಶೀಟು ಚೆನ್ನಾಗಿತ್ತು.

ಹೊಸ ಪ್ಲೇಟ್ ಹಾಕಿದಮೇಲೆ ಪೆಡಲನ್ನು ಕೈಯಿಂದ ಒತ್ತಿ ತೋರಿಸಿದ. ಮೊದಲು ಎರಡು ಬೆರಳಷ್ಟು ಸಡಿಲವಾಗಿ ಹೋಗಬೇಕು, ಆಮೇಲೆ ಬಿಗಿ ಸಿಗಬೇಕು. ಆ ಸಡಿಲ ಕಮ್ಮಿಯಾದರೆ ಕಾಲು ಇಡದೇ ಇದ್ದರೂ ಇಟ್ಟ ಹಾಗೇ ಲೆಕ್ಕ, ತಂದು ತೋರಿಸಿ ಅಂದ. ಮಗ ಕೇಳಿಸಿಕೊಂಡ. ಕೇಳಿಸಿಕೊಳ್ಳುವಾಗ ಅವನ ಎಡಗಾಲು ಒಂದು ಹಳೇ ಟೈರಿನ ಮೇಲಿತ್ತು.

ಲಾರಿ ರಿಪೇರಿಯಾಯಿತು, ಮಗನ ಮೊಣಕಾಲು ಕೆಟ್ಟಿತು. ಎಡದ್ದೇ. ಊದಿಕೊಂಡು ಬಗ್ಗಲೇ ಇಲ್ಲ. ಕೋಲಾರದ ಡಾಕ್ಟರು, ಇವರು ನಿಜವಾದ ಡಾಕ್ಟರು, ಅದುಮಿ ನೋಡಿ, ಈ ಸುಗ್ಗಿಯಲ್ಲಿ ಲಾರಿ ಹತ್ತಬೇಡಿ ಅಂದರು. ಹಾಗಾದರೆ ಕಾಯಿ ಯಾರು ಸಾಗಿಸುವುದು? ಪಕ್ಕದೂರಿನಲ್ಲಿ ಒಬ್ಬ ಡ್ರೈವರ್ ಇದ್ದ. ಯಾವಾಗಲೂ ಬಾಯಲ್ಲಿ ಎಲೆಅಡಿಕೆ, ಹೆಗಲ ಮೇಲೆ ಟರ್ಕಿ ಟವೆಲ್ಲು. ಸೀಟಿನ ಮೇಲೆ ಹಾಸಿಕೊಳ್ಳಲು ಆ ಟವೆಲ್ಲು. ಅವನಿಗೆ ಹೇಳಿ ಕಳುಹಿಸಬೇಕು ಎಂದು ಮಗ ಅನ್ನುತ್ತಿದ್ದ. ಆಗ ಮೊಮ್ಮಗಳು, "ನಾನು ಓಡಿಸ್ತೀನಿ," ಅಂದಳು.

ಅವಳು ಬಿ.ಕಾಂ. ಓದಿದವಳು. ಮಾಲೂರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಳು. ಕೆಲಸ ಕೆಟ್ಟದ್ದೇನಲ್ಲ. ಕುರ್ಚಿ ಇತ್ತು, ಫ್ಯಾನ್ ಇತ್ತು. ಆದರೆ ಕುರ್ಚಿ ಮುಂದಕ್ಕೆ ಹೋಗುವುದಿಲ್ಲವಲ್ಲ ಅಜ್ಜಿ ಎಂದು ನನ್ನ ಹತ್ತಿರ ಹೇಳಿದ್ದಳು. ಚಿಕ್ಕಂದಿನಿಂದ ಅಪ್ಪನ ಪಕ್ಕದಲ್ಲಿ ಲಾರಿಯಲ್ಲಿ ಕೂತು ಬೆಳೆದವಳು. ಮಾಲೂರಿನಲ್ಲೇ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡು, ಸರಕಿನ ಗಾಡಿಗೆ ಬೇಕಾದ್ದನ್ನೂ ಸೇರಿಸಿಕೊಂಡು, ರಜೆ ಹಾಕಿ ಮನೆಗೆ ಬಂದಿದ್ದಳು. ರಜೆ ಅಂದದ್ದು ಅಮ್ಮನಿಗೆ. ಇಲ್ಲಿ ಲಾರಿ ಸಿಕ್ಕರೆ ವಾಪಸು ಹೋಗುವುದಿಲ್ಲ ಅಂದದ್ದು ನನಗೆ.

"ಕಾರು ಬೇರೆ, ಲಾರಿ ಬೇರೆ ಕಣಮ್ಮಾ," ಅಂದ ಮಗ.

"ಕಾರಿಗೂ ಕ್ಲಚ್ ಐತೆ, ಲಾರಿಗೂ ಕ್ಲಚ್ ಐತೆ."

"ಖಾಲಿ ಗಾಡಿ ಬೇರೆ, ಲೋಡ್ ಗಾಡಿ ಬೇರೆ. ಮಂಡಿ ಏರಲ್ಲಿ ಕ್ಯೂ ನಿಂತಾಗ ಗೊತ್ತಾಗತ್ತೆ. ಈಗ ತಾನೇ ಹೊಸ ಪ್ಲೇಟು ಹಾಕ್ಸಿದೀನಿ. ನೀನು ಒಂದೇ ದಿನಕ್ಕೆ ಸುಟ್ಟು ಕೂರಿಸ್ತೀಯ."

ವರ್ಷಕ್ಕೊಂದು ಪ್ಲೇಟ್ ಸುಟ್ಟವನು ಇದನ್ನು ಹೇಳುವಾಗ ಅಡುಗೆಮನೆಯಿಂದ ಸೊಸೆ ಇಣುಕಿ ನೋಡಿದಳು.  ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿ ಬಡಿದಳು.

ಕೊನೆಗೆ ಮಾತಾಯಿತು. ಸುಗ್ಗಿಯ ಮೊದಲ ಲೋಡು ಮೊಮ್ಮಗಳು ಒಯ್ಯಬೇಕು. ಮಗ ಮಂಡಿ ಗೇಟಿನಲ್ಲಿ ನಿಂತಿರುತ್ತಾನೆ. "ಕ್ಲಚ್ ವಾಸನೆ ಬಂದ್ರೆ ಅಲ್ಲೇ ಕೀ ಆ ಡ್ರೈವರ್ ಕೈಗೆ ಕೊಡೋದು. ನೀನು ಮಾಲೂರಿಗೆ ವಾಪಸ್ಸು."

"ಬರ್ದಿದ್ರೆ?"

"ಬರ್ದಿದ್ರೆ ನೋಡಣ."

"ನೋಡಣ ಅಂದ್ರೆ ಏನಪ್ಪಾ?"

ಮಗ ನನ್ನ ಮುಖ ನೋಡಿದ. ನಾನು ನೊಣ ಓಡಿಸುತ್ತಿದ್ದೆ.

"ಬರ್ದಿದ್ರೆ ಕೀ ನಿಂದೇ," ಅಂದ.

ಹೆಣ್ಣುಮಗಳು ಒಬ್ಬಳೇ ಲಾರಿಯಲ್ಲಿ ಹೋಗುವುದು ಬೇಡ, ಜೊತೆಗೆ ಅಜ್ಜಿ ಹೋಗಲಿ ಎಂದು ಸೊಸೆ ತೀರ್ಮಾನ ಮಾಡಿದಳು. ಏನಾದರೂ ಆದರೆ ಅಜ್ಜಿ ಏನು ಮಾಡುತ್ತಾಳೆ ಎಂದು ಯಾರೂ ಕೇಳಲಿಲ್ಲ. ಕಿಟಕಿ ಪಕ್ಕದ ಸೀಟು ನನ್ನದಾಗುತ್ತದೆ ಎಂದು ಗೊತ್ತಾದ ಮೇಲೆ ನಾನೂ ಕೇಳಲಿಲ್ಲ.

ಅಭ್ಯಾಸ ಮಾಡಿದ್ದು ನಮ್ಮೂರ ಕೆರೆಯಂಗಳದಲ್ಲಿ. ನೀರು ಕೆಳಗೆ ಹೋಗಿ ಒಂದು ಕಡೆ ಗಟ್ಟಿ ನೆಲ ಬಿದ್ದಿತ್ತು. ಮೊಮ್ಮಗಳು ಚಪ್ಪಲಿ ಬಿಚ್ಚಿ, ಸ್ಟೀರಿಂಗಿಗೆ ಕೈಮುಗಿದು ಕೂರುತ್ತಿದ್ದಳು. ಬರಿಗಾಲಿಗೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದಂತೆ. ಪೂರ್ತಿ ತುಳಿದು ಫಸ್ಟ್ ಗೇರ್. ನಿಧಾನಕ್ಕೆ ಕಾಲು ಬಿಡುತ್ತಾ ಬಂದರೆ ಒಂದು ಕಡೆ ಎಂಜಿನ್ನಿನ ದನಿ ತಗ್ಗಿ ಲಾರಿಗೆ ಸಣ್ಣಗೆ ನಡುಕ ಬರುತ್ತದೆ. ಅಲ್ಲಿ ಸ್ವಲ್ಪ ಆಕ್ಸಿಲೇಟರ್ ಕೊಟ್ಟು, ಲಾರಿ ಕದಲಿದ ಕೂಡಲೇ ಕಾಲು ಪೂರ್ತಿ ತೆಗೆಯಬೇಕು. ತೆಗೆದ ಕಾಲನ್ನು ಪೆಡಲಿನ ಪಕ್ಕದಲ್ಲಿ ನೆಲದ ಮೇಲಿಡಬೇಕು.

ಅವಳಿಗೆ ಎಲ್ಲ ಬಂತು, ಕೊನೆಯದು ಬರಲಿಲ್ಲ. ಅಪ್ಪನ ಮಗಳು. ಗೇರ್ ಬದಲಾಯಿಸಿದ ಮೇಲೆ ಕಾಲು ಹೋಗಿ ಮತ್ತೆ ಪೆಡಲಿನ ಮೇಲೇ ಕೂರುತ್ತಿತ್ತು, ಅವಳಿಗೇ ಗೊತ್ತಾಗುತ್ತಿರಲಿಲ್ಲ.

"ಅಜ್ಜಿ, ಕಾಲು ಅಲ್ಲಿಟ್ರೆ ಹೇಳು," ಅಂದಳು.

ಹೇಳಿ ಹೇಳಿ ನನಗೆ ಗಂಟಲು ಒಣಗಿತು. ಮಾರನೇ ದಿನ ಹಿತ್ತಲಿನಿಂದ ಒಂದು ಉದ್ದನೆಯ ನುಗ್ಗೆಕಾಯಿ ಕಿತ್ತುಕೊಂಡು ಹೋದೆ. ಕಾಲು ಪೆಡಲಿನ ಮೇಲೆ ಕೂತ ಕೂಡಲೇ ಮೊಣಕಾಲಿಗೆ ಒಂದು ಬಿಡುತ್ತಿದ್ದೆ.

"ಅಯ್ಯೋ! ಮೆಲ್ಲಗೆ ಹೇಳ್ಬಾರ್ದಾ?"

"ಇದು ಮೆಲ್ಲಗೇ ಕಣೇ. ಜೋರು ಇನ್ನೂ ಐತೆ."

ಕೆಲವೇ ದಿನಗಳಲ್ಲಿ ಕಾಲು ತಾನಾಗಿಯೇ ನೆಲಕ್ಕೆ ಹೋಗುವುದು ಕಲಿಯಿತು. ಅಷ್ಟು ದಿನವೂ ಮನೆಯಲ್ಲಿ ನುಗ್ಗೆಕಾಯಿ ಸಾರು. ಪಾಠ ಮುಗಿದಮೇಲೆ ಕೆರೆ ಏರಿಯ ಮೇಲೆ ಕೂತು ಅವಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸುತ್ತಿದ್ದಳು. ಅವಳ ಕೈಯಲ್ಲಿ ನುಗ್ಗೆಕಾಯಿ ಇರಲಿಲ್ಲ, ಅದಕ್ಕೇ ನಾನು ಕಲಿಯುವುದು ತಡವಾಯಿತು. ನಾನು ಮೊದಲು ಬರೆದ ಒತ್ತಕ್ಷರ ಕ್ಲಚ್ಚಿನದೇ.

ಮೊದಲ ಲೋಡಿನ ದಿನ ಬಂತು. ಬೆಳಿಗ್ಗೆಯೇ ಕಾಯಿ ಕೊಯ್ದು, ಲಾರಿಗೆ ಹುಲ್ಲು ಹಾಸಿ, ತೋತಾಪುರಿ ತುಂಬಿದರು. ಮೊಮ್ಮಗಳು ಚಕ್ರಕ್ಕೆ ನೀರು ಹಾಕಿ ಹತ್ತಿದಳು. ಎಲೆಅಡಿಕೆ ಡ್ರೈವರೂ ಬಂದಿದ್ದ. ಟವೆಲ್ಲನ್ನು ಒಗೆದು ಇಸ್ತ್ರಿ ಮಾಡಿಸಿದ ಹಾಗಿತ್ತು.

"ಸೆಕೆಂಡಲ್ಲೇ ಎತ್ತಮ್ಮಾ, ಬರ್ತದೆ!" ಎಂದು ಮಗ ಕೂಗಿದ.

ಅವಳು ಫಸ್ಟಿನಲ್ಲೇ ಎತ್ತಿದಳು. ಲಾರಿ ಒಂದು ಸಲವೂ ಕುಲುಕದೆ ತೋಪಿನಿಂದ ಹೊರಗೆ ಬಂತು. ಮಗ ಡ್ರೈವರನ ಬೈಕಿನ ಹಿಂದೆ ಕೂತು, ಬಗ್ಗದ ಎಡಗಾಲನ್ನು ಪಕ್ಕಕ್ಕೆ ಚಾಚಿಕೊಂಡು ನಮ್ಮನ್ನು ದಾಟಿ ಹೋದ. ದಾರಿಯಲ್ಲಿ ಇನ್ಯಾರೂ ಅವರನ್ನು ದಾಟುವಂತಿರಲಿಲ್ಲ.

ರಸ್ತೆಯಲ್ಲಿ ಏನೂ ತೊಂದರೆಯಾಗಲಿಲ್ಲ. ಹಂಪ್ ಬಂದರೆ ಬ್ರೇಕ್ ಹಿಡಿದು ಗೇರ್ ಇಳಿಸಿ ದಾಟುತ್ತಿದ್ದಳು, ಕ್ಲಚ್ಚಿನಲ್ಲಿ ತೇಲಿಸುತ್ತಿರಲಿಲ್ಲ. ಕುರಿ ಮಂದೆ ಅಡ್ಡ ಬಂದಾಗ ನ್ಯೂಟ್ರಲ್ ಮಾಡಿ ಎಡಗಾಲು ನೆಲಕ್ಕಿಟ್ಟು ಕೂತಳು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಕುರಿಗಳಿಗೆ ಹೊಡೆದನೋ ನಮಗೆ ಹೊಡೆದನೋ, ಯಾರೂ ಅವಸರ ಮಾಡಲಿಲ್ಲ.

ಮಂಡಿಯ ಏರು ಬಂದಾಗ ಮಗ ಹೇಳಿದ್ದು ಗೊತ್ತಾಯಿತು.

ಗೇಟಿನಿಂದ ಕೆಳಗೆ ರಸ್ತೆಯವರೆಗೆ ಏರು. ಅದರ ತುಂಬ ಲಾರಿ, ಟ್ರಾಕ್ಟರು, ಟೆಂಪೋ. ಒಂದೊಂದೇ ಒಳಗೆ ಹೋಗಿ ತೂಕ ಮಾಡಿಸಬೇಕು. ಅಲ್ಲಿನ ಪದ್ಧತಿ ಏನೆಂದರೆ, ಮುಂದಿನ ಗಾಡಿಗೂ ನಿನಗೂ ಮಧ್ಯೆ ಜಾಗ ಕಂಡರೆ ಅದು ಯಾರು ನುಗ್ಗುತ್ತಾರೋ ಅವರದು. ಜಗಳ ಆಡಬಹುದು, ಜಾಗ ವಾಪಸು ಬರುವುದಿಲ್ಲ. ಅದಕ್ಕೇ ಮುಂದಿನವನು ಒಂದು ಗೇಣು ಕದಲಿದರೆ ಹಿಂದಿನವನೂ ಒಂದು ಗೇಣು ಕದಲುತ್ತಾನೆ. ನಿಂತರೆ ಬ್ರೇಕ್ ಹಾಕುವುದಿಲ್ಲ, ಕದಲುವಾಗ ತಡವಾಗುತ್ತದಲ್ಲ. ಹಾಫ್ ಕ್ಲಚ್ಚಿನಲ್ಲಿ ಲಾರಿಯನ್ನು ಏರಿಗೆ ನೇತುಹಾಕಿಕೊಂಡೇ ಇರುತ್ತಾನೆ. ಹೀಗೆ ಎಲ್ಲರೂ. ಶ್ರೀನಿವಾಸಪುರದಲ್ಲಿ ಮಾವಿನ ವಾಸನೆ ಬರುತ್ತದೆ ಎಂದು ಹೊರಗಿನವರು ಹೇಳುತ್ತಾರೆ. ಸುಗ್ಗಿಯಲ್ಲಿ ಆ ಏರಿನ ಮೇಲೆ ಬರುವುದು ನಮ್ಮ ಮನೆಯ ಗಡಿಯಾರದ ವಾಸನೆ.

ಮೊಮ್ಮಗಳು ಬ್ರೇಕ್ ಹಿಡಿದು ನ್ಯೂಟ್ರಲ್ಲಿನಲ್ಲಿ ನಿಂತಳು. ಮುಂದಿನ ಲಾರಿ ಕದಲಿತು. ಇವಳು ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ ಕದಲಿಸುವಷ್ಟರಲ್ಲಿ ನಮ್ಮ ಲಾರಿ ಸ್ವಲ್ಪ ಹಿಂದಕ್ಕೆ ಜಾರಿತು. ಆ ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಹಿಂದಿನವನು ಬಾಯಿಗೆ ಬಂದದ್ದು ಅಂದ. ಅಷ್ಟರಲ್ಲಿ ಪಕ್ಕದಿಂದ ಒಂದು ಟ್ರಾಕ್ಟರು ಮೂತಿ ತೂರಿಸಿತು. ಅದರ ಹಿಂದೆ ಇನ್ನೊಂದು. ನಾವು ಇದ್ದ ಜಾಗದಲ್ಲೇ ಇದ್ದು ಹಿಂದಕ್ಕೆ ಹೋದೆವು.

ಎರಡನೇ ಸಲ ಅವಳು ಕಾಲು ಪೆಡಲಿನ ಮೇಲೇ ಇಟ್ಟುಕೊಂಡಳು. ನಾನು ನುಗ್ಗೆಕಾಯಿ ಎತ್ತಿದೆ.

"ಹೊಡೀಬೇಡ ಅಜ್ಜಿ. ಈಗ ಬಿಟ್ರೆ ಜಾಗ ಹೋಗತ್ತೆ. ಹೀಗೇ ಹೋದ್ರೆ ಸಾಯಂಕಾಲ ಆದ್ರೂ ಗೇಟು ಸಿಗಲ್ಲ."

"ಹಿಡ್ಕೊಂಡ್ರೆ ಕೀ ಹೋಗತ್ತೆ."

"ಗೊತ್ತು!" ಅಂದಳು.  ಕಣ್ಣಲ್ಲಿ ನೀರು ನಿಂತಿತ್ತು. "ಎರಡರಲ್ಲಿ ಯಾವ್ದು ಬಿಡ್ಲಿ, ನೀನೇ ಹೇಳು."

"ಕ್ಲಚ್ ಬಿಡು. ಜಾಗ ನಾನು ನೋಡ್ಕೊಂತೀನಿ."

ಕಾಯಿ ತುಂಬುವ ಒಂದು ಖಾಲಿ ಕ್ರೇಟು ಕಾಲಬುಡದಲ್ಲಿತ್ತು. ಅದನ್ನು ಎತ್ತಿಕೊಂಡು ಇಳಿದೆ. ಮೊದಲು ರಸ್ತೆ ಬದಿಯಿಂದ ಒಂದು ಕಲ್ಲು ತಂದು ನಮ್ಮ ಹಿಂದಿನ ಚಕ್ರಕ್ಕೆ ಒತ್ತಿ ಕೊಟ್ಟೆ. ಆಮೇಲೆ ಲಾರಿಯ ಮುಂದೆ ಬಂದು, ಖಾಲಿ ಜಾಗದ ಮಧ್ಯದಲ್ಲಿ ಕ್ರೇಟು ಬೋರಲು ಹಾಕಿ ಕೂತೆ. ಸುಮ್ಮನೆ ಯಾಕೆ ಕೂರುವುದು ಎಂದು ಸೊಂಟದಿಂದ ಈಳಿಗೆಯಷ್ಟು ಹರಿತವಲ್ಲದ ಒಂದು ಚಾಕು ತೆಗೆದು ತೋತಾಪುರಿ ಹೆಚ್ಚಿಕೊಂಡೆ. ಸೆರಗಿನ ತುದಿಯಲ್ಲಿ ಉಪ್ಪುಖಾರ ಇತ್ತು.

ಒಂದು ಟ್ರಾಕ್ಟರು ಬಂದು ನನ್ನ ಮುಂದೆ ಮೂತಿ ತಿರುಗಿಸಿ ನಿಂತಿತು.

"ಅಜ್ಜೀ, ಎದ್ದೇಳಿ. ಜಾಗ ಐತೆ, ನಾನು ಹೋಗ್ಬೇಕು."

"ಜಾಗ ಎಲ್ಲಪ್ಪಾ ಐತೆ? ನಾನು ಕೂತಿದೀನಲ್ಲ."

"ರಸ್ತೇಲಿ ಯಾರಾದ್ರೂ ಕೂರ್ತಾರಾ?"

"ನೀನೂ ಕೂತಿದೀಯಲ್ಲ. ನಿನ್ನ ಕೆಳಗೆ ಟ್ರಾಕ್ಟರ್ ಐತೆ, ನನ್ನ ಕೆಳಗೆ ಕ್ರೇಟ್ ಐತೆ."

"ನಿಮ್ಗೆ ಏನಾದ್ರೂ ಆದ್ರೆ?"

"ನಂಗೆ ಏನಾದ್ರೂ ಆದ್ರೆ ನಿಂಗೆ ಬಾಳಾ ತೊಂದ್ರೆ ಕಣಪ್ಪಾ. ಅದಕ್ಕೇ ಹುಷಾರಾಗಿರು. ಕಾಯಿ ತಿಂತೀಯಾ?"

ಅವನು ಎಂಜಿನ್ ಆಫ್ ಮಾಡಿದ. ಆಮೇಲೆ ಒಂದು ಹೋಳು ತಗೊಂಡ. ನನ್ನ ಉಪ್ಪುಖಾರ ತಿಂದಮೇಲೆ ನನ್ನ ಜಾಗಕ್ಕೆ ನುಗ್ಗುವುದು ಯಾರಿಗೂ ಕಷ್ಟ. ನಮ್ಮ ಲಾರಿಯ ಹಿಂದೆ ಹೋಗಿ ನಿಂತ.

ಅಷ್ಟರಲ್ಲಿ ಮುಂದಿನ ಲಾರಿ ನನ್ನ ಕಡೆಗೇ ಜಾರಿತು. ಅವನೂ ಹಾಫ್ ಕ್ಲಚ್ಚಿನವನೇ. ನಾನು ಎದ್ದು ಇನ್ನೊಂದು ಕಲ್ಲು ಹುಡುಕಿ, ಅವನ ಹಿಂದಿನ ಚಕ್ರಕ್ಕೂ ಕೊಟ್ಟು ಬಂದು ಕೂತೆ. ಕೇಳಲು ಹೋದರೆ ಬೇಡ ಅನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಲಾರಿ ಯಾಕೆ ಜಾರುತ್ತಿಲ್ಲ ಎಂದು ಅವನಿಗೆ ಅನುಮಾನ.

"ಏಮವ್ವಾ, ನಾ ಬಂಡಿಕಿ ರಾಯಿ ಪೆಟ್ಟಿನಾವಾ?" ಅಂದ. ನನ್ನ ಗಾಡಿಗೆ ಕಲ್ಲು ಇಟ್ಟೆಯಾ ಎಂದು ಕೇಳಿದ್ದು.

ಹೌದು, ಕಾಲು ತೆಗೆದು ಆರಾಮವಾಗಿ ಕೂತುಕೋ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಅವನ ಕಾಲಿಗೂ ಸಾಕಾಗಿತ್ತೋ ಏನೋ, ಬೀಡಿ ಹಚ್ಚಿಕೊಂಡ.

ಆಮೇಲೆ ಕೆಲಸ ಸಲೀಸಾಯಿತು. ಮುಂದಿನವನು ಕದಲಿದರೂ ನಾನು ಏಳುತ್ತಿರಲಿಲ್ಲ. ಲಾರಿ ಹಿಡಿಸುವಷ್ಟು ಜಾಗ ಬಿಡುವವರೆಗೂ ಕೂತಿರುತ್ತಿದ್ದೆ. ಆಮೇಲೆ ಕ್ರೇಟು ಎತ್ತಿಕೊಂಡು ಪಕ್ಕಕ್ಕೆ ಬಂದು ಕೈ ಬೀಸುತ್ತಿದ್ದೆ. ಕಲ್ಲಿನ ಆಸರೆ ಇದ್ದದ್ದರಿಂದ ಲಾರಿ ಹಿಂದಕ್ಕೆ ಬರುತ್ತಿರಲಿಲ್ಲ. ಮೊಮ್ಮಗಳು ಫಸ್ಟ್ ಗೇರಿನಲ್ಲಿ ಎತ್ತಿ, ಕಾಲು ಪೂರ್ತಿ ಬಿಟ್ಟು, ಇದ್ದ ಜಾಗವನ್ನೆಲ್ಲ ಒಂದೇ ಸಲ ಮುಗಿಸಿ ನಿಲ್ಲುತ್ತಿದ್ದಳು. ಮತ್ತೆ ನ್ಯೂಟ್ರಲ್, ಮತ್ತೆ ಕಲ್ಲು, ಮತ್ತೆ ಕ್ರೇಟು. ಬೇರೆಯವರು ಗೇಣುಗೇಣಾಗಿ ತೆವಳಿದ್ದನ್ನು ನಾವು ನಾಲ್ಕಾರು ಹೆಜ್ಜೆಯಲ್ಲಿ ನಡೆದೆವು.

ಕಷ್ಟ ಕಲ್ಲಿನದು. ರಸ್ತೆ ಮೇಲೆ ಕಲ್ಲು ಬಿಟ್ಟು ಹೋಗುವವರಿಗೆ ನಾನೇ ಎಷ್ಟೋ ಸಲ ಬೈದಿದ್ದೇನೆ, ಈಗ ಬಿಟ್ಟು ಹೋಗುವ ಹಾಗಿಲ್ಲ. ಬಗ್ಗಿ ಎತ್ತಿ ಎತ್ತಿ ಸೊಂಟ ಹಿಡಿಯಿತು. ಉಪ್ಪುಖಾರ ತಿಂದ ಟ್ರಾಕ್ಟರಿನವನು ಇಳಿದು ಬಂದು, "ಬಿಡಿ ಅಜ್ಜೀ, ನಾನು ತರ್ತೀನಿ," ಎಂದು ಕಲ್ಲು ಹೊತ್ತುಕೊಂಡ. ಅವನ ಮುಖ ಮಾತ್ರ ಸಿಟ್ಟಿನದೇ ಇತ್ತು.

ಗೇಟು ಬಂತು. ಮಗ ಒಂಟಿಕಾಲಿನ ಕೊಕ್ಕರೆಯ ಹಾಗೆ ಕಂಬ ಹಿಡಿದು ನಿಂತಿದ್ದ, ಪಕ್ಕದಲ್ಲಿ ಡ್ರೈವರ್. ಲಾರಿ ಅವರ ಮುಂದೆ ನಿಂತಿತು. ಮಗ ಮೂಗೆತ್ತಿ ಉಸಿರೆಳೆದ.

"ವಾಸನೆ ಬರ್ತೈತೆ," ಅಂದ.

"ಹೂಂ, ಬರ್ತೈತೆ," ಅಂದ ಡ್ರೈವರ್.

ಬರುತ್ತಿತ್ತು, ಸುಳ್ಳಲ್ಲ. ಇಡೀ ಏರೇ ನಾರುತ್ತಿತ್ತು.  ಮೊಮ್ಮಗಳು ಎಂಜಿನ್ ಆಫ್ ಮಾಡಿ ಕೀ ತೆಗೆದು ಕಿಟಕಿಯಿಂದ ಅಪ್ಪನ ಕಡೆಗೆ ಚಾಚಿದಳು. ಚಾಚಿದ ಕೈ ನೆಟ್ಟಗಿತ್ತು. ಮಗನೂ ಕೈ ಎತ್ತಿದ.

"ಲೇ, ಇರೋ," ಅಂದೆ ನಾನು. ಮಂಡಿ ಗೇಟಿನಲ್ಲಿ ಅಷ್ಟು ಜನರ ಮುಂದೆ ಅವನನ್ನು ಲೇ ಅಂದದ್ದು ಅದೇ ಮೊದಲು. "ಇಷ್ಟು ಗಾಡಿ ಮಧ್ಯೆ ಯಾವುದರ ವಾಸನೆ ಅಂತ ನಿನ್ನ ಮೂಗಿಗೆ ಹೆಂಗೆ ಗೊತ್ತಾಯ್ತು? ಗಾಡಿ ಒಳಗೆ ಆ ಮೂಲೇಲಿ ನಿಲ್ಲಿಸ್ಲಿ. ಕೆಳಗೆ ಬಗ್ಗಿ ಕ್ಲಚ್ ಇರೋ ಕಡೆ ಮುಟ್ಟಿ ನೋಡು."

"ಬಗ್ಗಕ್ಕೆ ಆಗಲ್ಲಮ್ಮಾ ನಂಗೆ."

"ನಂಗೂ ಆಗಲ್ಲ." ಆಗುತ್ತಿರಲಿಲ್ಲ ನಿಜವಾಗಿ, ಕಲ್ಲು ಎತ್ತಿ ಸೊಂಟ ಸತ್ತಿತ್ತು. "ಇವನು ಬಗ್ಗಲಿ," ಎಂದು ಡ್ರೈವರನನ್ನು ತೋರಿಸಿದೆ.

ಕೀ ಯಾರಿಗೆ ಸಿಗಬೇಕೋ ಅವನನ್ನೇ ಸಾಕ್ಷಿ ಕರೆದದ್ದು ಮೊಮ್ಮಗಳಿಗೆ ಸರಿಬರಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನುಂಗುವ ಹಾಗೆ ನೋಡಿದಳು. ಬೇರೆ ಯಾರನ್ನು ಕರೆಯಲಿ? ಬಗ್ಗುವ ಸೊಂಟ ಅಲ್ಲಿ ಅವನದೊಂದೇ ಇತ್ತು.

ಲಾರಿ ತೂಕದ ಮನೆಯಿಂದ ದೂರ, ಹುಣಸೇಮರದ ಕೆಳಗೆ ನಿಂತಿತು. ಡ್ರೈವರ್ ಟವೆಲ್ಲನ್ನು ನೆಲಕ್ಕೆ ಹಾಸಿದ. ಮಲಗುವ ಮೊದಲು ಪಕ್ಕಕ್ಕೆ ಹೋಗಿ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಮೂಗು ಹಿಂಡಿಕೊಂಡು ಬಂದ. ಅಷ್ಟು ಮಾಡಿದಾಗಲೇ ನನಗೆ ಧೈರ್ಯ ಬಂತು. ಸುಳ್ಳು ಹೇಳುವವನು ಮೂಗು ಸ್ವಚ್ಛ ಮಾಡಿಕೊಳ್ಳುವುದಿಲ್ಲ.

ಲಾರಿಯ ಕೆಳಗೆ ಅವನ ಅರ್ಧ ದೇಹ ಹೋಯಿತು. ನಮಗೆ ಎರಡು ಕಾಲು, ಒಂದು ಕೈ ಮಾತ್ರ ಕಾಣುತ್ತಿತ್ತು. ಆ ಕೈ ಮೇಲಕ್ಕೆ ಹೋಗಿ ಕ್ಲಚ್ಚಿನ ಡಬ್ಬಿಯ ಮೇಲೆ ಕೂತಿತು. ಸುಟ್ಟಿದ್ದರೆ ಅದರ ಮೇಲೆ ಕೈ ನಿಲ್ಲುವುದಿಲ್ಲ. ನಾವೆಲ್ಲ ಆ ಕೈಯನ್ನೇ ನೋಡಿದೆವು. ಮಗನೂ ನೋಡಿದ. ಕೈ ಅಲ್ಲೇ ಇತ್ತು. ಇನ್ನೂ ಅಲ್ಲೇ ಇತ್ತು. ಮಧ್ಯಾಹ್ನದ ನಿದ್ದೆ ಹತ್ತಿತೋ ಏನೋ ಅನ್ನುವಷ್ಟು ಹೊತ್ತು ಅಲ್ಲೇ ಇತ್ತು.

ಎದ್ದು ಬಂದು ಟವೆಲ್ಲು ಕೊಡವಿದ.

"ಬೆಚ್ಚಗೈತೆ," ಅಂದ. "ಸುಡಲ್ಲ."

"ವಾಸನೆ?" ಅಂದ ಮಗ.

"ಮಾವಿನಕಾಯಿದು." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ನಿಮ್ಮ ಮುಂದೆ ಇದ್ದ ಆಂಧ್ರದ ಗಾಡಿಯೋನಿಗೆ ಡ್ರೈವರ್ ಬೇಕಾ ಕೇಳಿ ಬರ್ತೀನಿ. ಅವನ ಕಾಲು ನೋಡಿದ್ರೆ ಬೇಕಾಗ್ಬೋದು." ಹೊಸದಾಗಿ ಎಲೆಅಡಿಕೆ ಹಾಕಿಕೊಂಡು ಹೋದ. ಅವನಿಗೆ ನಾನು ಒಂದು ಕಾಯಿಯನ್ನಾದರೂ ಕೊಡಬೇಕಿತ್ತು. ಹೊಳೆಯಲಿಲ್ಲ.

ಮಗ ಕೀ ಕೇಳಲಿಲ್ಲ. ಭೇಷ್ ಅಂತಲೂ ಅನ್ನಲಿಲ್ಲ. ಅವನ ಬಾಯಿಂದ ಅದು ಬ್ರೇಕ್ ಇಲ್ಲದ ಏರಿನಲ್ಲೂ ಜಾರುವುದಿಲ್ಲ. ಕುಂಟಿಕೊಂಡು ಲಾರಿಯನ್ನು ಒಂದು ಸುತ್ತು ಬಂದ. ಹಿಂದಿನ ಚಕ್ರದ ಹತ್ತಿರ ನಿಂತು, ಟ್ರಾಕ್ಟರಿನವನು ತಂದಿಟ್ಟು ಹೋಗಿದ್ದ ಕಲ್ಲನ್ನು ಚಪ್ಪಲಿಯಿಂದ ತಳ್ಳಿ ನೋಡಿದ.

"ಈ ಕಲ್ಲು ಉರುಳ್ತದೆ," ಅಂದ. "ದುಂಡಗೈತೆ."

"ಸಿಕ್ಕಿದ್ದು ಅದೇ," ಅಂದೆ.

"ಇದನ್ನ ನಂಬ್ಕೊಂಡು ಗಾಡಿ ಮುಂದೆ ಕೂತಿದ್ಯಾ?"

"ಮುಂದೆ ಕೂತ್ರೆ ಏನಾಗತ್ತೋ? ಗಾಡಿ ಜಾರೋದು ಹಿಂದಕ್ಕೆ."

ಮೊಮ್ಮಗಳು ಕ್ಯಾಬಿನ್ನಿನಲ್ಲಿ ಬಾಯಿಗೆ ವೇಲು ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ಕೀ ಅವಳ ಬೆರಳಿನಲ್ಲೇ ಇತ್ತು. ತೂಕ ಮಾಡಿಸಿ, ಕಾಯಿ ಇಳಿಸಿ, ಮೂವರೂ ಲಾರಿಯಲ್ಲೇ ವಾಪಸು ಬಂದೆವು. ಮಧ್ಯದ ಸೀಟಿನಲ್ಲಿ ಮಗ. ಪ್ರತಿ ಹಂಪಿಗೂ ಅವನ ಎಡಗಾಲು ನೆಲವನ್ನು ಒತ್ತುತ್ತಿತ್ತು. ನುಗ್ಗೆಕಾಯಿ ನನ್ನ ಕೈಯಲ್ಲೇ ಇತ್ತು, ಆದರೂ ಹೊಡೆಯದೆ ಬಿಟ್ಟೆ. ಆ ಕಾಲಿಗೆ ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ. ಬೀದಿ ತಿರುವಿನಲ್ಲಿ ಯಾವ ವಾಸನೆಯೂ ಬರದೆ ಸೊಸೆ ಇನ್ನೂ ಎಸರಿಟ್ಟಿರಲಿಲ್ಲ. ಅವತ್ತು ಊಟ ತಡವಾಯಿತು.

ಮಾರನೇ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಕೊಡಲಿ ಸದ್ದು. ಮಗ ಕಾಲು ಚಾಚಿಕೊಂಡು ಕೂತು, ಒಂದು ಹುಣಸೇ ದಿಮ್ಮಿಯನ್ನು ಇಳಿಜಾರಾಗಿ ಕೆತ್ತುತ್ತಿದ್ದ. ಮಗಳನ್ನು ಕರೆದು ಟೈರಿನ ಅಗಲ ಅಳೆದು ಬಾ ಅಂದ. ಅವಳು ಅಳೆದು ಬಂದಳು. ಅವನು ಇನ್ನೊಂದು ಸುತ್ತು ಕೆತ್ತಿ, ಕಲ್ಲಿನ ಬದಲಿಗೆ ಚಕ್ರದ ಕೆಳಗೆ ಸರಿಯಾಗಿ ಕಚ್ಚುವ ಹಾಗೆ ಆಪು ಮಾಡಿದ. ಆಮೇಲೆ ಅದಕ್ಕೊಂದು ತೂತು ಕೊರೆದು ಹಗ್ಗ ಪೋಣಿಸಿದ.

"ಹಗ್ಗ ಯಾಕಪ್ಪಾ?" ಅಂದಳು ಮೊಮ್ಮಗಳು.

"ಸುಗ್ಗಿ ಪೂರ್ತಿ ಬಗ್ಗಿ ಬಗ್ಗಿ ಎತ್ತಕ್ಕೆ ಆಗತ್ತಾ ನಿಮ್ಮಜ್ಜಿಗೆ? ನಿಂತ್ಕೊಂಡೇ ಎಳ್ಕೊಳ್ಳಲಿ. ಅಮ್ಮಾ, ಬಾ ಇಲ್ಲಿ, ನೆಟ್ಟಗೆ ನಿಂತ್ಕೊ."

ನೆಟ್ಟಗೆ ನಿಂತೆ. ನೆಲದಿಂದ ನನ್ನ ಕೈಯವರೆಗೆ ಹಗ್ಗ ಹಿಡಿದು ನೋಡಿ ಕತ್ತರಿಸಿದ. ಸ್ವಲ್ಪ ಉದ್ದವೇ ಆಯಿತು. ನಾನು ಇನ್ನೂ ಬೆಳೆಯುತ್ತೇನೆ ಅಂದುಕೊಂಡಿದ್ದಾನೋ ಏನೋ.